ವೀಸಾದ ಮೇಲೆ ಇರುವವರು ದನಿ ಎತ್ತಬಹುದಾ?

ಪ್ರಶ್ನೆ: ಮೇಡಂ, ನಾನು ದಾವಣಗೆರೆಯವಳು. 2026ರ ಜನವರಿಯಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ಗೆ ಎಂಎಸ್ಸಿ ಮಾಡಲು ಬಂದೆ. ಓದು ಮುಗಿದ ಮೇಲೆ ಕೆಲಸ ಮಾಡಲು ಕೊಡುವ ಗ್ರಾಜುಯೇಟ್ ವೀಸಾವನ್ನು ಎರಡು ವರ್ಷದಿಂದ 18 ತಿಂಗಳಿಗೆ ಇಳಿಸಿದ್ದಾರೆ. ನನಗಿಂತ ನಾಲ್ಕು ತಿಂಗಳು ಮೊದಲು ಬಂದ ರೂಂಮೇಟ್‌ಗೆ ಎರಡು ವರ್ಷ ಸಿಗುತ್ತದಂತೆ, ನನಗಿಲ್ಲ. ಅಪ್ಪ ಸಾಲ ಮಾಡಿ ಕಳಿಸಿದ್ದಾರೆ. ಇಲ್ಲಿನ ಸ್ಟೂಡೆಂಟ್ಸ್ ಯೂನಿಯನ್‌ನವರು ಸಹಿ ಹಾಕಿ, ಎಂಪಿಗೆ ಪತ್ರ ಬರೆಯಿರಿ ಅನ್ನುತ್ತಿದ್ದಾರೆ. ಅಪ್ಪ ಮಾತ್ರ "ಸುಮ್ನೆ ಓದ್ಕೊಂಡಿರು, ಪರದೇಶದಲ್ಲಿ ಗಲಾಟೆ ಬೇಡ" ಅನ್ನುತ್ತಾರೆ. ನಾವು ಮಾತಾಡಿದರೆ ವೀಸಾಗೆ ತೊಂದರೆ ಆಗುತ್ತಾ? ಅಷ್ಟಕ್ಕೂ ನಮ್ಮಂಥವರ ಮಾತು ಯಾರು ಕೇಳುತ್ತಾರೆ?

ಉತ್ತರ: ಮೊದಲು ನಿಮ್ಮ ತಂದೆಯವರ ಆತಂಕ ತೀರಿಸೋಣ. ಎಂಪಿಗೆ ಪತ್ರ ಬರೆದರೆ, ಮನವಿಗೆ ಸಹಿ ಹಾಕಿದರೆ, ಶಾಂತವಾಗಿ ನಡೆಯುವ ಸಭೆಗೆ ಹೋದರೆ ವೀಸಾಗೆ ಏನೂ ಆಗುವುದಿಲ್ಲ. ಸ್ಟೂಡೆಂಟ್ ವೀಸಾದ ಷರತ್ತುಗಳೇ ಬೇರೆ. ತರಗತಿಗೆ ತಪ್ಪದೆ ಹೋಗಬೇಕು. ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಕೆಲಸ ಮಾಡುವಂತಿಲ್ಲ. ಸ್ವಂತ ವ್ಯಾಪಾರ ಕೂಡದು. ಸರ್ಕಾರದ ಭತ್ಯೆಗಳನ್ನು ತೆಗೆದುಕೊಳ್ಳುವಂತಿಲ್ಲ. ಸರ್ಕಾರದ ನೀತಿ ಸರಿಯಿಲ್ಲ ಅಂತ ಹೇಳಬಾರದು ಅನ್ನುವ ಷರತ್ತು ಎಲ್ಲೂ ಇಲ್ಲ. ಪೊಲೀಸ್ ಕೇಸಿಗೆ ಹೋಗುವಂಥ ಜಾಗದಿಂದ ಮಾತ್ರ ದೂರ ಇರಿ. ಕೇಸು, ಶಿಕ್ಷೆ ಇವು ಮುಂದಿನ ಅರ್ಜಿಗೆ ನಿಜವಾಗಿಯೂ ಅಡ್ಡ ಬರುತ್ತವೆ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ನಮ್ಮ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರಿಗೆ ಇದು ಗೊತ್ತೇ ಇರುವುದಿಲ್ಲ. ನಿಮಗೆ ಬ್ರಿಟನ್ನಿನಲ್ಲಿ ಓಟು ಹಾಕುವ ಹಕ್ಕಿದೆ. ಭಾರತ ಕಾಮನ್‌ವೆಲ್ತ್ ದೇಶ. ವೀಸಾ ಪಡೆದು ಬ್ರಿಟನ್ನಿನಲ್ಲಿ ವಾಸ ಮಾಡುತ್ತಿರುವ, 18 ತುಂಬಿದ ಕಾಮನ್‌ವೆಲ್ತ್ ಪ್ರಜೆ ಮತದಾರರ ಪಟ್ಟಿಗೆ ಸೇರಬಹುದು. ಸಿಟಿ ಕೌನ್ಸಿಲ್ ಚುನಾವಣೆಗಷ್ಟೇ ಅಲ್ಲ, ಪಾರ್ಲಿಮೆಂಟ್ ಚುನಾವಣೆಗೂ. ಅರ್ಜಿ ಆನ್‌ಲೈನ್‌ನಲ್ಲೇ ಇದೆ, ಹಣ ಕಟ್ಟಬೇಕಿಲ್ಲ. ಮತಗಟ್ಟೆಯಲ್ಲಿ ಗುರುತಿಗೆ ನಿಮ್ಮ ಭಾರತದ ಪಾಸ್‌ಪೋರ್ಟ್ ತೋರಿಸಿದರೆ ಸಾಕು. ಇದರಿಂದ ನಿಮ್ಮ ಭಾರತದ ಪೌರತ್ವಕ್ಕೆ ಧಕ್ಕೆ ಇಲ್ಲ. ಚೀನಾದಿಂದಲೋ ಅಮೆರಿಕದಿಂದಲೋ ಬಂದ ನಿಮ್ಮ ಸಹಪಾಠಿಗೆ ಈ ಹಕ್ಕಿಲ್ಲ, ನಿಮಗಿದೆ. ವರ್ಷಗಳಿಂದ ವಿದ್ಯಾರ್ಥಿಗಳ ವೀಸಾ ಕೆಲಸದಲ್ಲೇ ಇರುವ ನನಗೆ ತುಂಬಾ ಬೇಸರ ತರುವ ಸಂಗತಿ ಇದು. ಇಷ್ಟು ದೊಡ್ಡ ಹಕ್ಕು ಕೈಯಲ್ಲಿದ್ದೂ ನಮ್ಮವರು ಬಳಸುವುದಿಲ್ಲ.

ಹಾಗಾಗಿ ಯೂನಿಯನ್ ಮೇಜಿನ ಮೇಲಿರುವ ಸಹಿ ಹಾಳೆಗಿಂತ ಮೊದಲು ಮತದಾರರ ಪಟ್ಟಿಗೆ ಸೇರಿಕೊಳ್ಳಿ. ಮತದಾರರ ಪತ್ರ ಅಂದರೆ ಎಂಪಿ ಕಚೇರಿಯಲ್ಲಿ ಅದರ ತೂಕವೇ ಬೇರೆ.

ಇನ್ನು ಎರಡನೇ ಪ್ರಶ್ನೆ. ಯಾರು ಕೇಳುತ್ತಾರೆ? ಹಿಂದೆ ಕೇಳಿದ್ದಾರೆ. ಅದು ಹೇಗಾಯಿತು ಅಂತ ತಿಳಿದರೆ ಈಗ ಏನು ಮಾಡಬೇಕು ಅನ್ನುವುದೂ ಗೊತ್ತಾಗುತ್ತದೆ.

ಈ ವೀಸಾ ವಿದ್ಯಾರ್ಥಿಗಳ ಮೇಲಿನ ಕನಿಕರದಿಂದ ಹುಟ್ಟಿದ್ದಲ್ಲ. ಸ್ಕಾಟ್ಲೆಂಡ್‌ನಲ್ಲಿ ಜನಸಂಖ್ಯೆ ಕುಸಿಯುತ್ತದೆ ಅನ್ನುವ ಭಯ ಇತ್ತು. ಓದಲು ಬಂದವರನ್ನು ಸ್ವಲ್ಪ ಕಾಲ ಉಳಿಸಿಕೊಳ್ಳೋಣ ಅಂತ 2005ರಲ್ಲಿ ಅಲ್ಲಿ 'ಫ್ರೆಶ್ ಟ್ಯಾಲೆಂಟ್' ಯೋಜನೆ ಶುರುವಾಯಿತು. 2008ರಲ್ಲಿ ಅದು ಇಡೀ ಬ್ರಿಟನ್ನಿಗೆ ಪೋಸ್ಟ್ ಸ್ಟಡಿ ವರ್ಕ್ ವೀಸಾ ಆಗಿ ಬಂತು. ನಮ್ಮ ಊರುಗಳಲ್ಲಿ ಇವತ್ತಿಗೂ ಜನ 'ಪಿಎಸ್‌ಡಬ್ಲ್ಯು' ಅನ್ನುವುದು ಇದನ್ನೇ. 2012ರ ಏಪ್ರಿಲ್‌ನಲ್ಲಿ ಅದನ್ನು ಮುಚ್ಚಿದರು. ಆಗ ಗೃಹ ಸಚಿವೆ ಥೆರೆಸಾ ಮೇ. ಪರಿಣಾಮ ಬೇಗ ಕಾಣಿಸಿತು. 2010-11ರಲ್ಲಿ ಇಲ್ಲಿ ಸುಮಾರು 39,000 ಭಾರತೀಯ ವಿದ್ಯಾರ್ಥಿಗಳಿದ್ದರು. 2015-16ರ ಹೊತ್ತಿಗೆ 17,000ದ ಆಸುಪಾಸಿಗೆ ಇಳಿದರು.

ಅದನ್ನು ವಾಪಸ್ ತರಲು ಏಳು ವರ್ಷ ಹಿಡಿಯಿತು. ಒಬ್ಬರಿಂದ ಆದದ್ದಲ್ಲ. 2012ರಲ್ಲೇ ಭಾರತೀಯ ವಿದ್ಯಾರ್ಥಿಗಳು, ಹಳೆಯ ವಿದ್ಯಾರ್ಥಿಗಳು ಸೇರಿ ನಿಸಾವ್ ಅನ್ನುವ ಸಂಘ ಕಟ್ಟಿದರು. ಅದರ ಅಧ್ಯಕ್ಷೆ ಸನಮ್ ಅರೋರಾ ಈ ಒಂದು ಬೇಡಿಕೆಯ ಬೆನ್ನು ಬಿಡಲಿಲ್ಲ. ಮರುವರ್ಷ ನಿಮ್ಮ ಶೆಫೀಲ್ಡ್‌ನಲ್ಲೇ ವಿಶ್ವವಿದ್ಯಾಲಯ ಮತ್ತು ಸ್ಟೂಡೆಂಟ್ಸ್ ಯೂನಿಯನ್ ಸೇರಿ 'ವಿ ಆರ್ ಇಂಟರ್‌ನ್ಯಾಷನಲ್' ಅನ್ನುವ ಅಭಿಯಾನ ಶುರು ಮಾಡಿದವು. ಪಾರ್ಲಿಮೆಂಟಿನಲ್ಲಿ ಎಲ್ಲ ಪಕ್ಷದವರೂ ಇರುವ ಒಂದು ಗುಂಪು ವಿದೇಶಿ ವಿದ್ಯಾರ್ಥಿಗಳ ವಿಷಯ ಹಿಡಿಯಿತು. ಆ ಗುಂಪಿನ ಇಬ್ಬರು ಸಹ ಅಧ್ಯಕ್ಷರಲ್ಲಿ ಒಬ್ಬರು ಪಾಲ್ ಬ್ಲೂಂಫೀಲ್ಡ್, ಆಗ ಶೆಫೀಲ್ಡ್ ಸೆಂಟ್ರಲ್‌ನ ಎಂಪಿ. ಎರಡು ವಿಶ್ವವಿದ್ಯಾಲಯ ಇರುವ ಕ್ಷೇತ್ರ ಅದು. ಇನ್ನೊಬ್ಬರು ಲಾರ್ಡ್ ಕರಣ್ ಬಿಲಿಮೋರಿಯಾ. ಹೈದರಾಬಾದಿನಲ್ಲಿ ಹುಟ್ಟಿದವರು, ತಾವೇ ಓದಲು ಬಂದು ಇಲ್ಲಿ ಕೋಬ್ರಾ ಬಿಯರ್ ಕಂಪನಿ ಕಟ್ಟಿದವರು. ಆ ಬಿಯರ್ ಮೊದಲು ತಯಾರಾದದ್ದು ಬೆಂಗಳೂರಿನ ಮೈಸೂರ್ ಬ್ರೂವರೀಸ್‌ನಲ್ಲಿ ಅನ್ನುವುದು ನಮಗೆ ಖುಷಿಯ ವಿಷಯ.

ದಾರಿ ಸಲೀಸಾಗಿರಲಿಲ್ಲ. ವಲಸೆ ವಿಷಯದಲ್ಲಿ ಸರ್ಕಾರಕ್ಕೆ ಸಲಹೆ ಕೊಡುವ ಸಮಿತಿ ಒಂದಿದೆ, ಮೈಗ್ರೇಷನ್ ಅಡ್ವೈಸರಿ ಕಮಿಟಿ ಅಂತ. ಇಲ್ಲಿ ಎಲ್ಲರೂ 'ಮ್ಯಾಕ್' ಅನ್ನುತ್ತಾರೆ. 2018ರ ಸೆಪ್ಟೆಂಬರ್‌ನಲ್ಲಿ ಮ್ಯಾಕ್ ಇಂಥ ಪ್ರತ್ಯೇಕ ವೀಸಾ ಬೇಡ ಅಂತಲೇ ಹೇಳಿತ್ತು. ಬೇರೆಯವರಾಗಿದ್ದರೆ ಅಲ್ಲಿಗೇ ಕೈ ಬಿಡುತ್ತಿದ್ದರು. ಇವರು ಬಿಡಲಿಲ್ಲ. 2019ರಲ್ಲಿ ಹೆಪಿ ಅನ್ನುವ ಅಧ್ಯಯನ ಸಂಸ್ಥೆ ಮತ್ತು ಕ್ಯಾಪ್ಲನ್ ಅನ್ನುವ ಶಿಕ್ಷಣ ಕಂಪನಿ ಸೇರಿ ಒಂದು ಲೆಕ್ಕ ಮುಂದಿಟ್ಟವು. 2012ರ ತೀರ್ಮಾನದಿಂದ ಖಜಾನೆಗೆ ವರ್ಷಕ್ಕೆ 15 ಕೋಟಿ ಪೌಂಡ್ ತೆರಿಗೆ ನಷ್ಟ ಅಂತ. ಅದೇ ವರ್ಷ ಆಡಳಿತ ಪಕ್ಷದ ಜೋ ಜಾನ್ಸನ್ ಮತ್ತು ವಿರೋಧ ಪಕ್ಷದ ಬ್ಲೂಂಫೀಲ್ಡ್ ಜೊತೆಯಾಗಿ ವಲಸೆ ಮಸೂದೆಗೆ ತಿದ್ದುಪಡಿ ತಂದರು. ಎರಡು ವರ್ಷ ವಾಪಸ್ ಕೊಡಿ ಅನ್ನುವುದು ಅದರ ಸಾರ. 2019ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಒಪ್ಪಿತು. 2021ರ ಜುಲೈ 1ರಿಂದ ಗ್ರಾಜುಯೇಟ್ ವೀಸಾ ಜಾರಿಗೆ ಬಂತು.

2024ರಲ್ಲಿ ಅದನ್ನೇ ಮುಚ್ಚುವ ಮಾತು ಮತ್ತೆ ಎದ್ದಿತು. ಮಾರ್ಚ್‌ನಲ್ಲಿ ಗೃಹ ಸಚಿವರಾಗಿದ್ದ ಜೇಮ್ಸ್ ಕ್ಲೆವರ್ಲಿ, ಈ ವೀಸಾ ದುರ್ಬಳಕೆ ಆಗುತ್ತಿದೆಯಾ ನೋಡಿ ಅಂತ ಮ್ಯಾಕ್‌ಗೆ ಹೇಳಿದರು. ಕೊಟ್ಟ ಸಮಯ ಎರಡೇ ತಿಂಗಳು. ಪ್ರೊಫೆಸರ್ ಬ್ರಯಾನ್ ಬೆಲ್ ಅಧ್ಯಕ್ಷತೆಯ ಮ್ಯಾಕ್ ಮೇ 14ಕ್ಕೆ ವರದಿ ಕೊಟ್ಟಿತು. ವೀಸಾ ಈಗಿರುವಂತೆಯೇ ಮುಂದುವರಿಯಲಿ ಅಂದಿತು. ಆರು ವರ್ಷದ ಹಿಂದೆ ಬೇಡ ಅಂದಿದ್ದ ಸಮಿತಿಯೇ ಈಗ ಇರಲಿ ಅಂದಿತು. ಅಷ್ಟರಲ್ಲಿ ಅವರ ಮುಂದೆ ನಿಜವಾದ ಅಂಕಿಅಂಶ ಇತ್ತು. 2023ರಲ್ಲಿ 1,14,000 ಜನಕ್ಕೆ ಈ ವೀಸಾ ಸಿಕ್ಕಿತ್ತು, ಅವರಲ್ಲಿ ಶೇ. 40ಕ್ಕಿಂತ ಜಾಸ್ತಿ ಭಾರತೀಯರು.

ಆ ವರದಿಯನ್ನು ಪೂರ್ತಿ ಓದಿದರೆ ನಮಗೆ ಹಿತವಲ್ಲದ ಎರಡು ಮಾತೂ ಸಿಗುತ್ತವೆ. ಈ ವೀಸಾ ಪಡೆದವರಲ್ಲಿ ಶುರುವಿನಲ್ಲಿ ಕಡಿಮೆ ಸಂಬಳದ ಕೆಲಸದಲ್ಲಿರುವವರೇ ಹೆಚ್ಚು, ಕಾಲ ಕಳೆದಂತೆ ಸುಧಾರಿಸುತ್ತಾರೆ ಅನ್ನುವುದು ಒಂದು. ಕೆಲವು ಏಜೆಂಟರು ಸುಳ್ಳು ಆಸೆ ತೋರಿಸಿ ಮಕ್ಕಳನ್ನು ಕಳಿಸುತ್ತಿದ್ದಾರೆ, ಅವರೆಲ್ಲ ಕಡ್ಡಾಯವಾಗಿ ನೋಂದಣಿ ಮಾಡಿಸಬೇಕು ಅನ್ನುವುದು ಇನ್ನೊಂದು. 2025ರ ಮೇನಲ್ಲಿ ಹೊಸ ಸರ್ಕಾರ ವಲಸೆ ಶ್ವೇತಪತ್ರ ಹೊರಡಿಸಿ 18 ತಿಂಗಳು ಅಂದಾಗ ಹಿಡಿದದ್ದು ಆ ಮೊದಲ ಮಾತನ್ನೇ. ಪದವಿಗೆ ತಕ್ಕ ಕೆಲಸಕ್ಕೆ ಸಾಕಷ್ಟು ಜನ ಹೋಗುತ್ತಿಲ್ಲ ಅಂದರು. ಅಕ್ಟೋಬರ್‌ನಲ್ಲಿ ನಿಯಮ ಪ್ರಕಟವಾಯಿತು. 2026ರ ಡಿಸೆಂಬರ್ 31ರ ಒಳಗೆ ಅರ್ಜಿ ಹಾಕಿದವರಿಗೆ ಎರಡು ವರ್ಷ, 2027ರ ಜನವರಿ 1ರಿಂದ ಹಾಕುವವರಿಗೆ 18 ತಿಂಗಳು. ಪಿಎಚ್‌ಡಿಯವರಿಗೆ ಮೂರು ವರ್ಷ ಹಾಗೇ ಉಳಿಯಿತು.

ಹಾಗಾಗಿ ನೀವು ಏನು ವಾದ ಮಾಡುತ್ತೀರಿ ಅನ್ನುವುದು ಮುಖ್ಯ.

"ನಾವು ಇಷ್ಟೊಂದು ಫೀಸು ಕಟ್ಟಿದ್ದೇವೆ, ಅದಕ್ಕೆ ಕೆಲಸದ ವೀಸಾ ಕೊಡಿ" ಅನ್ನುವ ವಾದ ದಯವಿಟ್ಟು ಬೇಡ. ನಿಮ್ಮ ಸಂಕಟ ನನಗೆ ಅರ್ಥ ಆಗುತ್ತದೆ. ಜಮೀನು ಅಡ ಇಟ್ಟು ಕಳಿಸಿದ ಅಪ್ಪಂದಿರ ಜೊತೆ ಫೋನಿನಲ್ಲಿ ಮಾತಾಡಿದ್ದೇನೆ. ಆದರೆ ಈ ವೀಸಾ ಬೇಡ ಅನ್ನುವವರ ದೂರೇ ಅದು. ವಿಶ್ವವಿದ್ಯಾಲಯಗಳು ಮಾರುತ್ತಿರುವುದು ಪದವಿಯನ್ನಲ್ಲ, ವೀಸಾವನ್ನು ಅನ್ನುತ್ತಾರೆ. ಫೀಸಿನ ಮಾತು ಎತ್ತಿದ ಕೂಡಲೇ ನೀವೇ ಅವರ ಪರ ಸಾಕ್ಷಿ ಹೇಳಿದಂತಾಗುತ್ತದೆ.

"ನನಗೆ ಎರಡು ವರ್ಷ ಅಂತ ಮಾತು ಕೊಟ್ಟಿದ್ದರು" ಅನ್ನುವುದರಲ್ಲೂ ನಿಮ್ಮ ಮಟ್ಟಿಗೆ ಬಲ ಕಮ್ಮಿ. ನೀವು ತರಗತಿಗೆ ಸೇರುವ ಮೊದಲೇ ನಿಯಮ ಪ್ರಕಟವಾಗಿತ್ತು. ಕಳಿಸಿಕೊಟ್ಟ ಕನ್ಸಲ್ಟೆನ್ಸಿಯವರು ಹೇಳಲಿಲ್ಲ ಅಂದರೆ ಅದು ಬೇರೆ ಅನ್ಯಾಯ. ಅದನ್ನು ಬರೆದಿಡಿ, ಏಜೆಂಟರ ನೋಂದಣಿಯ ಬೇಡಿಕೆಗೆ ಅದು ಒಳ್ಳೆಯ ಸಾಕ್ಷಿ. ನಿಮಗಿಂತ ಗಟ್ಟಿ ಕೇಸ್ ಇರುವುದು 2024ರ ಸೆಪ್ಟೆಂಬರ್‌ನಲ್ಲಿ ಮೂರು ವರ್ಷದ ಬಿಎಸ್ಸಿಗೋ ಬಿಎಗೋ ಸೇರಿದವರದು. ಅವರು ಬಂದಾಗ ಎರಡು ವರ್ಷ ಇತ್ತು, 2027ರಲ್ಲಿ ಮುಗಿಸುವಾಗ ಇಲ್ಲ. ಮಧ್ಯದಲ್ಲಿ ನಿಯಮ ಬದಲಾದದ್ದು ಅವರಿಗೆ. ನಿಮ್ಮ ಕ್ಯಾಂಪಸ್‌ನಲ್ಲೇ ಅಂಥವರಿದ್ದಾರೆ. ಅವರನ್ನು ಮುಂದೆ ಬಿಟ್ಟು ನೀವು ಜೊತೆಗೆ ನಿಲ್ಲಿ.

ಇದಕ್ಕೆ ಹಳೆಯದೊಂದು ಉದಾಹರಣೆ ಇದೆ. 2006ರ ನವೆಂಬರ್‌ನಲ್ಲಿ, ಹೆಚ್ಚು ನುರಿತ ಕೆಲಸಗಾರರಿಗೆ ಕೊಡುತ್ತಿದ್ದ ಹೈಲಿ ಸ್ಕಿಲ್ಡ್ ಮೈಗ್ರಂಟ್ (ಎಚ್‌ಎಸ್‌ಎಂಪಿ) ವೀಸಾದ ನಿಯಮ ಬದಲಾಯಿತು. ಆಗಲೇ ಬ್ರಿಟನ್ನಿನಲ್ಲಿ ನೆಲೆಸಿದ್ದವರಿಗೂ ಅದೇ ನಿಯಮ ಹಚ್ಚಿದರು. ಎಚ್‌ಎಸ್‌ಎಂಪಿ ಫೋರಂ ಅನ್ನುವ ಸಂಘಟನೆ ಕೋರ್ಟಿಗೆ ಹೋಯಿತು. ಯೋಜನೆಯನ್ನು ನಂಬಿ ಬಂದವರಿಗೆ ಹೀಗೆ ಮಾಡುವುದು ಅನ್ಯಾಯ ಅಂತ 2008ರ ಏಪ್ರಿಲ್‌ನಲ್ಲಿ ಹೈಕೋರ್ಟ್ ತೀರ್ಪು ಕೊಟ್ಟಿತು. ಆ ತೀರ್ಪು ನಿಮ್ಮ ಬ್ಯಾಚ್‌ಗೆ ಹಾಗೇ ಅನ್ವಯ ಆಗುವುದಿಲ್ಲ. ಅವರು ಆ ವೀಸಾದಲ್ಲೇ ಇದ್ದವರು, ನೀವು ಇನ್ನೂ ಅರ್ಜಿ ಹಾಕಬೇಕಾದವರು. ಆದರೆ ವೀಸಾದ ಮೇಲೆ ಬಂದವರು ಗುಂಪು ಕಟ್ಟಿ ಗೃಹ ಇಲಾಖೆಯ ಎದುರು ಗೆದ್ದದ್ದಂತೂ ನಿಜ.

ಹಾಗಾದರೆ ನಿಮ್ಮ ವಾದ ಯಾವುದು? ಕ್ಯಾಲೆಂಡರ್ ತೆಗೆಯಿರಿ, ಅದರಲ್ಲೇ ಇದೆ. ನಾನಾದರೆ ಎಂಪಿಗೆ ಹೀಗೆ ಬರೆಯುತ್ತಿದ್ದೆ:

"ನಾನು ನಿಮ್ಮ ಕ್ಷೇತ್ರದ ಮತದಾರಳು, ವಿಳಾಸ ಕೆಳಗಿದೆ. 2027ರ ಜನವರಿಗೆ ನನ್ನ ಎಂಎಸ್ಸಿ ಮುಗಿಯುತ್ತದೆ. ಮಾರ್ಚ್‌ನಲ್ಲಿ ಗ್ರಾಜುಯೇಟ್ ವೀಸಾ ಸಿಕ್ಕರೆ 2028ರ ಸೆಪ್ಟೆಂಬರ್‌ಗೆ ಮುಗಿಯುತ್ತದೆ. ನನ್ನ ಕ್ಷೇತ್ರದ ಕಂಪನಿಗಳು ಹೊಸ ಪದವೀಧರರಿಗೆ ತರಬೇತಿ ಜೊತೆ ಕೆಲಸ ಕೊಡುವ ಗ್ರಾಜುಯೇಟ್ ಸ್ಕೀಂಗಳಿಗೆ ಅರ್ಜಿ ಕರೆಯುವುದು ಚಳಿಗಾಲಕ್ಕೆ ಮೊದಲು, ಕೆಲಸ ಶುರುವಾಗುವುದು ಮುಂದಿನ ಸೆಪ್ಟೆಂಬರ್‌ನಲ್ಲಿ. 2027ರ ಸೆಪ್ಟೆಂಬರ್‌ಗೆ ನಾನು ಸೇರಿದರೆ ಕಂಪನಿಯ ಕೈಗೆ ಸಿಗುವುದು ಒಂದೇ ವರ್ಷ. ಎರಡು ವರ್ಷ ತರಬೇತಿ ಕೊಡುವ ಕಂಪನಿ ನನ್ನನ್ನು ಯಾಕೆ ತೆಗೆದುಕೊಳ್ಳುತ್ತದೆ? ಪದವಿಗೆ ತಕ್ಕ ಕೆಲಸಕ್ಕೆ ಹೋಗಬೇಕು ಅಂತ ಸರ್ಕಾರ ಹೇಳುತ್ತಿದೆ. ಆ ಕೆಲಸಕ್ಕೆ ಬೇಕಾದ ಆರು ತಿಂಗಳನ್ನೇ ಕತ್ತರಿಸಿದೆ. ಇದನ್ನು ಗೃಹ ಸಚಿವರ ಗಮನಕ್ಕೆ ತಂದು, ಅವರ ಉತ್ತರವನ್ನು ನನಗೆ ತಿಳಿಸುತ್ತೀರಾ?"

ಪತ್ರ ಇಂಗ್ಲಿಷಿನಲ್ಲೇ ಇರಲಿ, ಒಂದು ಪುಟ ದಾಟುವುದು ಬೇಡ. ಇದರಲ್ಲಿ ಗೋಳಿಲ್ಲ, ದಿನಾಂಕ ಇದೆ. ಸರ್ಕಾರ ಕೊಟ್ಟ ಕಾರಣವನ್ನೇ ಹಿಡಿದು ಉತ್ತರ ಕೊಟ್ಟಿದ್ದೀರಿ. ಕೊನೆಯಲ್ಲಿ ಇಂಥದ್ದೇ ಮಾಡಿ ಅಂತ ಒಂದು ಕೆಲಸ ಹೇಳಿದ್ದೀರಿ. ಎಂಪಿ ಆ ಪತ್ರವನ್ನು ಮಂತ್ರಿಗೆ ಕಳಿಸಿದರೆ ಇಲಾಖೆಯಿಂದ ಲಿಖಿತ ಉತ್ತರ ಬರುತ್ತದೆ. ವಿಳಾಸ, ಪೋಸ್ಟ್‌ಕೋಡ್ ಮರೆಯಬೇಡಿ. ಇಲ್ಲಿ ಎಂಪಿಗಳು ತಮ್ಮ ಕ್ಷೇತ್ರದವರ ಪತ್ರಕ್ಕೆ ಮಾತ್ರ ಕೈ ಹಾಕುವುದು ರೂಢಿ. ಯೂನಿಯನ್ ಕೊಡುವ ಸಿದ್ಧ ಪತ್ರವನ್ನು ನಕಲು ಮಾಡಿ ಕಳಿಸಬೇಡಿ. ಒಂದೇ ಒಕ್ಕಣೆಯ ಇನ್ನೂರು ಪತ್ರ ಬಂದರೆ ಕಚೇರಿಯವರು ಒಂದೇ ಉತ್ತರವನ್ನು ಇನ್ನೂರು ಜನಕ್ಕೆ ಕಳಿಸುತ್ತಾರೆ.

ಆಮೇಲೆ ಎಂಪಿಯ 'ಸರ್ಜರಿ'ಗೆ ಹೋಗಿ. ಕ್ಷೇತ್ರದ ಜನರನ್ನು ಮುಖಾಮುಖಿ ಭೇಟಿ ಮಾಡುವ ಹೊತ್ತಿಗೆ ಇಲ್ಲಿ ಹಾಗೆ ಅನ್ನುತ್ತಾರೆ. ಸಾಮಾನ್ಯವಾಗಿ ಶುಕ್ರವಾರ ಇಲ್ಲವೇ ಶನಿವಾರ, ಮೊದಲೇ ಸಮಯ ತೆಗೆದುಕೊಳ್ಳಬೇಕು. ಸಿಗುವುದು ಹತ್ತು ಹದಿನೈದು ನಿಮಿಷ. ನೀವೊಬ್ಬರೇ ಹೋಗಬೇಡಿ. ಒಬ್ಬ ಸ್ಥಳೀಯ ಸಹಪಾಠಿ, ಸಾಧ್ಯವಾದರೆ ನಿಮ್ಮಂಥವರನ್ನು ಕೆಲಸಕ್ಕೆ ಇಟ್ಟುಕೊಂಡಿರುವ ಒಬ್ಬ ಸಣ್ಣ ಉದ್ದಿಮೆದಾರ, ಇವರು ಜೊತೆಗಿರಲಿ. "ನಮ್ಮ ಕಂಪನಿಗೆ ಈ ಹುಡುಗಿ ಬೇಕು, ಆದರೆ ವರ್ಷಕ್ಕೇ ವೀಸಾ ಮುಗಿಯುತ್ತದೆ" ಅಂತ ಊರಿನ ಉದ್ದಿಮೆದಾರ ಹೇಳಿದರೆ ಅದರ ಮುಂದೆ ನನ್ನ ನಿಮ್ಮ ಮಾತು ಯಾವ ಲೆಕ್ಕ?

ಅಂಥ ಉದ್ದಿಮೆದಾರರನ್ನು ಹುಡುಕುವಾಗ ನಿಮಗೇ ಇನ್ನೊಂದು ವಿಷಯ ಗೊತ್ತಾಗುತ್ತದೆ. ಎಷ್ಟೋ ಸಣ್ಣ ಕಂಪನಿಗಳಿಗೆ ಗ್ರಾಜುಯೇಟ್ ವೀಸಾ ಅಂದರೆ ಏನು ಅನ್ನುವುದೇ ತಿಳಿದಿಲ್ಲ. ಇದಕ್ಕೆ ಸ್ಪಾನ್ಸರ್ ಲೈಸೆನ್ಸ್, ಅಂದರೆ ವಿದೇಶಿಯರನ್ನು ಸ್ಪಾನ್ಸರ್ ಮಾಡಲು ಕಂಪನಿಗೆ ಬೇಕಾದ ಸರ್ಕಾರಿ ಪರವಾನಗಿ, ಬೇಡ; ಕಂಪನಿ ಒಂದು ಪೆನ್ನಿಯೂ ಕಟ್ಟಬೇಕಿಲ್ಲ. ನೀವು ಕೊಡುವ ಶೇರ್ ಕೋಡ್ ಹಾಕಿ, ನಿಮಗೆ ಕೆಲಸ ಮಾಡುವ ಹಕ್ಕಿದೆ ಅಂತ ಆನ್‌ಲೈನ್‌ನಲ್ಲಿ ನೋಡಿಕೊಂಡರೆ ಮುಗಿಯಿತು. ಅದು ತಿಳಿಯದೆ "ನಾವು ವೀಸಾ ಕೊಡಲ್ಲ" ಅಂತ ಅರ್ಜಿಯನ್ನೇ ಪಕ್ಕಕ್ಕೆ ಇಡುತ್ತಾರೆ. ಇದನ್ನು ಸರಿಪಡಿಸಲು ಕಾನೂನು ಬದಲಾಗಬೇಕಿಲ್ಲ. ನಿಮ್ಮ ವಿಶ್ವವಿದ್ಯಾಲಯದ ಕೆರಿಯರ್ಸ್ ವಿಭಾಗ ಊರಿನ ಕಂಪನಿಗಳನ್ನು ಕರೆದು ಒಂದು ಮಧ್ಯಾಹ್ನ ಕೂರಿಸಿ ಹೇಳಿದರೆ ಆಯಿತು. ಯೂನಿಯನ್ ಮೂಲಕ ಇದನ್ನು ಮೊದಲ ಬೇಡಿಕೆಯಾಗಿ ಇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಇಲ್ಲಿ ಗೆಲುವು ಬೇಗ ಸಿಗುತ್ತದೆ, ಅಲ್ವಾ? ಆ ಗೆಲುವು ಮುಂದಿನ ದೊಡ್ಡ ಕೆಲಸಕ್ಕೆ ಜನರನ್ನು ಸೇರಿಸುತ್ತದೆ.

ಎಂಪಿಯ ಮುಂದಿಡಲು ಒಂದು ಅಂಕಿ ಬೇಕೇ ಬೇಕು ಅಂದರೆ ಇದನ್ನು ಇಡಿ. 2023ರಲ್ಲಿ ಲಂಡನ್ ಎಕನಾಮಿಕ್ಸ್ ಸಂಸ್ಥೆ ಹೆಪಿಯವರಿಗಾಗಿ ಒಂದು ಲೆಕ್ಕ ಮಾಡಿತು. 2021-22ರಲ್ಲಿ ಸೇರಿದ ವಿದೇಶಿ ವಿದ್ಯಾರ್ಥಿಗಳ ಒಂದೇ ಬ್ಯಾಚ್‌ನಿಂದ, ಸರ್ಕಾರದ ಖರ್ಚೆಲ್ಲ ಕಳೆದು, ದೇಶಕ್ಕೆ ಆಗುವ ಲಾಭ 3,740 ಕೋಟಿ ಪೌಂಡ್. ಒಂದು ಪಾರ್ಲಿಮೆಂಟ್ ಕ್ಷೇತ್ರಕ್ಕೆ ಸರಾಸರಿ 5.8 ಕೋಟಿ ಪೌಂಡ್. ಎಂಪಿಗೆ ಎರಡನೇ ಅಂಕಿ ಮುಖ್ಯ. ಆ ವರದಿಯಲ್ಲಿ ಕ್ಷೇತ್ರವಾರು ಲೆಕ್ಕವೂ ಇದೆ. ನಿಮ್ಮ ಕ್ಷೇತ್ರದ ಸಾಲನ್ನೇ ಹುಡುಕಿ ಕೊಂಡೊಯ್ಯಿರಿ.

ಸಹಿ ಸಂಗ್ರಹದ ಬಗ್ಗೆಯೂ ಕೇಳಿದ್ದೀರಿ. ಪಾರ್ಲಿಮೆಂಟಿನ ಅಧಿಕೃತ ಮನವಿಗೆ ಇಲ್ಲಿ ವಾಸ ಮಾಡುವ ನೀವೂ ಸಹಿ ಹಾಕಬಹುದು. 10,000 ಸಹಿಗೆ ಸರ್ಕಾರ ಉತ್ತರ ಕೊಡುತ್ತದೆ, 1,00,000 ಆದರೆ ಚರ್ಚೆಗೆ ಎತ್ತಿಕೊಳ್ಳುವ ಬಗ್ಗೆ ಯೋಚಿಸುತ್ತಾರೆ. ಹಾಕಿ, ತಪ್ಪಿಲ್ಲ. ಅದರಿಂದಲೇ ಕೆಲಸ ಆಗುತ್ತದೆ ಅಂತ ಮಾತ್ರ ಕೂರಬೇಡಿ. ಅದಕ್ಕಿಂತ ಮ್ಯಾಕ್ ಅಥವಾ ಪಾರ್ಲಿಮೆಂಟಿನ ಸಮಿತಿಗಳು ಸಾಕ್ಷ್ಯ ಕೇಳಿದಾಗ ಕಳಿಸುವ ಎರಡು ಪುಟಕ್ಕೆ ಬೆಲೆ ಜಾಸ್ತಿ. ಸಮಿತಿಗೆ ಯಾರು ಬೇಕಾದರೂ ಬರೆಯಬಹುದು. ಹೆಸರು ಹೊರಗೆ ಬರುವುದು ಬೇಡ ಅನ್ನಿಸಿದರೆ ಹಾಗೆ ಕೇಳಿಕೊಳ್ಳಬಹುದು. ಒಂದು ಎಚ್ಚರ ಇರಲಿ. ನಿಮ್ಮ ಅನುಭವ ಬರೆಯುವ ಭರದಲ್ಲಿ "ಖರ್ಚಿಗೆ ಸಾಲದೆ ವಾರಕ್ಕೆ 30 ಗಂಟೆ ದುಡಿದೆ" ಅಂತ ಬರೆದರೆ ಅದು ವೀಸಾ ಷರತ್ತು ಮುರಿದ ತಪ್ಪೊಪ್ಪಿಗೆ ಆಗುತ್ತದೆ. ಗೆಳತಿಯ ಕಥೆ ಅಂತ ಹೆಸರು ಹಾಕಿ ಬರೆದರೂ ಅವಳಿಗೆ ಅದೇ ಅಪಾಯ. ಕಳಿಸುವ ಮೊದಲು ವಿಶ್ವವಿದ್ಯಾಲಯದ ವೀಸಾ ಸಲಹೆಗಾರರಿಗೆ ಒಮ್ಮೆ ತೋರಿಸಿ.

ಏಜೆಂಟರ ವಿಷಯವನ್ನು ನಾವೇ ಮೊದಲು ಎತ್ತಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ ಕೂತು "ಎರಡು ವರ್ಷ ಕೆಲಸ ಗ್ಯಾರಂಟಿ" ಅನ್ನುವವರಿಂದ ಮೋಸ ಹೋಗುವವರು ನಮ್ಮ ಮಕ್ಕಳೇ. ಕೋರ್ಸಿಗೊಂದು ಕಮಿಷನ್ ಪಡೆಯುವವರ ಹೆಸರು, ಮೊತ್ತ ಎಲ್ಲ ಬಹಿರಂಗ ಆಗಲಿ ಅಂತ ವಿದ್ಯಾರ್ಥಿಗಳೇ ಒತ್ತಾಯ ಮಾಡಬೇಕು. ವೀಸಾ ಉಳಿಸಿ ಅನ್ನುವವರೇ ಅದರ ಹುಳುಕನ್ನೂ ಸರಿಪಡಿಸಿ ಅಂದಾಗ ಕೇಳುವವರು ನಂಬುತ್ತಾರೆ.

ನಿಮ್ಮ ಬ್ಯಾಚ್‌ಗೇ ಆರು ತಿಂಗಳು ವಾಪಸ್ ಬರುತ್ತದಾ? ಹಾಗಂತ ನಾನು ಆಸೆ ಹುಟ್ಟಿಸಲಾರೆ. ಕಳೆದ ಸಲ ಏಳು ವರ್ಷ ಹೋಯಿತು. ಅದಕ್ಕೇ ಹೋರಾಟದ ಜೊತೆಗೆ ನಿಮ್ಮ ದಾರಿಯನ್ನೂ ನೋಡಿಕೊಳ್ಳಿ. ಗ್ರಾಜುಯೇಟ್ ವೀಸಾ ವಿಸ್ತರಣೆ ಆಗುವುದಿಲ್ಲ. ಅದರಿಂದ ಕಂಪನಿ ಸ್ಪಾನ್ಸರ್ ಮಾಡುವ ಸ್ಕಿಲ್ಡ್ ವರ್ಕರ್ ವೀಸಾಗೆ ಹೋಗಲು 2025ರ ಜುಲೈನಿಂದ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡ್. ನಿಮ್ಮಂತೆ ಓದು ಮುಗಿಸಿ ಬರುವ 'ನ್ಯೂ ಎಂಟ್ರಂಟ್'ಗಳಿಗೆ 33,400 ಪೌಂಡ್, ಅದರ ಜೊತೆ ಆಯಾ ಹುದ್ದೆಯ ದರವನ್ನೂ ನೋಡುತ್ತಾರೆ. ಈ ರಿಯಾಯಿತಿ ಇದೆ ಅನ್ನುವುದು ಕೆಲಸ ಕೊಡುವವರಿಗೇ ಗೊತ್ತಿರುವುದಿಲ್ಲ. ಇಂಟರ್‌ವ್ಯೂಗೆ ಹೋಗುವಾಗ ಸರ್ಕಾರಿ ವೆಬ್‌ಸೈಟಿನ ಆ ಪುಟವನ್ನು ಮೊಬೈಲಿನಲ್ಲಿ ತೆರೆದಿಟ್ಟುಕೊಳ್ಳಿ.

ನಿಮ್ಮ ರೂಂಮೇಟ್‌ಗೂ ಒಂದು ಮಾತು ಹೇಳಿ. ಎರಡು ವರ್ಷ ಅವರಿಗೆ ತಾನಾಗಿ ಸಿಗುವುದಿಲ್ಲ. ಡಿಸೆಂಬರ್ 31ರ ಒಳಗೆ, ಬ್ರಿಟನ್ನಿನ ಒಳಗಿದ್ದೇ, ಅರ್ಜಿ ಹಾಕಬೇಕು. ಅದಕ್ಕೂ ಮೊದಲು ಕೋರ್ಸ್ ಪೂರ್ತಿಯಾಯಿತು ಅಂತ ವಿಶ್ವವಿದ್ಯಾಲಯ ಹೋಂ ಆಫೀಸಿಗೆ, ಅಂದರೆ ಗೃಹ ಇಲಾಖೆಗೆ, ತಿಳಿಸಿರಬೇಕು. ಡಿಸರ್ಟೇಷನ್ (ಕೊನೆಯ ಪ್ರಬಂಧ) ಸೆಪ್ಟೆಂಬರ್‌ನಲ್ಲಿ ಕೊಟ್ಟರೆ ಫಲಿತಾಂಶ ಬರುವಾಗ ನವೆಂಬರ್ ಆಗಬಹುದು. ಒಂದು ಪೇಪರ್ ಮತ್ತೆ ಬರೆಯಬೇಕಾಗಿ ಬಂದರೆ ಜನವರಿ ದಾಟಬಹುದು. ಪರೀಕ್ಷಾ ಮಂಡಳಿ ಯಾವತ್ತು ಸೇರುತ್ತದೆ, ಹೋಂ ಆಫೀಸಿಗೆ ಯಾವತ್ತು ತಿಳಿಸುತ್ತೀರಿ ಅಂತ ವಿಭಾಗಕ್ಕೆ ಈಗಲೇ ಇಮೇಲ್ ಹಾಕಲಿ. ಉತ್ತರವನ್ನು ಯೂನಿಯನ್‌ಗೂ ಕಳಿಸಲಿ. ಮಂಡಳಿ ಸೇರುವ ದಿನಾಂಕವನ್ನು ಒಂದು ವಾರ ಮೊದಲೇ ಇಡಿ ಅಂತ ಇಡೀ ಬ್ಯಾಚ್ ಪರವಾಗಿ ಕೇಳುವ ಕೆಲಸವನ್ನು ಯೂನಿಯನ್ ಇವತ್ತೇ ಶುರು ಮಾಡಬಹುದು.